ಹಿಮ ಬೀಳುವ ಊರಿನಲ್ಲಿ ಖಾಲಾ ಬೆಳೆಸಿದ ಬಾಳೆ

ಬಾಳೆಗಿಡ ಬೆಳೆಸುವುದನ್ನು ನಮಗೆ ಯಾರಾದರೂ ಹೇಳಿಕೊಡಬೇಕೇ? ಕಲಬುರಗಿ ಕಡೆಯವರಾದ ನಾವು ಬಚ್ಚಲ ನೀರು ಹರಿಯುವ ಜಾಗದಲ್ಲಿ ಒಂದು ಕಂದು ನೆಟ್ಟು ಮರೆತುಬಿಡುತ್ತೇವೆ. ಬೇಸಿಗೆಯಲ್ಲಿ ನೀರು ತಪ್ಪದಂತೆ ನೋಡಿಕೊಂಡರೆ ಸಾಕು, ಉಳಿದದ್ದನ್ನು ಗಿಡವೇ ನೋಡಿಕೊಳ್ಳುತ್ತದೆ. ನಾನೂ ಹಾಗೆಯೇ ತಿಳಿದಿದ್ದೆ.

ಎರಡು ವರ್ಷದ ಹಿಂದೆ, ನಾನು ಹತ್ತನೇ ತರಗತಿಯಲ್ಲಿದ್ದಾಗ, ಡಿಸೆಂಬರ್ ತಿಂಗಳ ಒಂದು ರಾತ್ರಿ ಇಂಗ್ಲೆಂಡಿನ ಲೆಸ್ಟರ್ ನಗರದಿಂದ ನನ್ನ ಖಾಲಾ ಫೋನ್ ಮಾಡಿದರು. ಖಾಲಾ ಅಂದರೆ ಅಮ್ಮಿಯ ತಂಗಿ. ವಿಡಿಯೋದಲ್ಲಿ ಅವರು ತೋರಿಸಿದ್ದು ಕಪ್ಪಾಗಿ ಜೋತುಬಿದ್ದ ಎಲೆಗಳು, ಮುಟ್ಟಿದರೆ ಜಾರುವಷ್ಟು ಕೊಳೆತ ಒಂದು ಕಾಂಡ. "ಬೇಟಾ, ಸತ್ತುಹೋಯಿತು. ನಾಳೆ ಕಿತ್ತು ಹಾಕುತ್ತೇನೆ" ಎಂದರು. ಅವರ ಧ್ವನಿ ಕೇಳಿ ಅಮ್ಮಿ ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗಿಬಿಟ್ಟರು.

ಒಂದು ಗಿಡಕ್ಕೆ ಇಷ್ಟು ದುಃಖ ಯಾಕೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ನಮ್ಮ ನಾನಿ. ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವ ದಾರಿಯಲ್ಲಿ ಕಮಲಾಪುರ ಬರುತ್ತದೆ. ಅಲ್ಲಿಯ ಕೆಂಪು ಬಾಳೆ ಭೌಗೋಳಿಕ ಸೂಚಕ ಮಾನ್ಯತೆ ಪಡೆದದ್ದು ಎಂದು ನಿಮಗೆಲ್ಲ ಗೊತ್ತಿರಬಹುದು. ನಾನಿಯ ಮನೆ ಅಲ್ಲಿಯೇ. ಹಿತ್ತಲಲ್ಲಿ ಬಾವಿಯ ಪಕ್ಕ ಆ ಬಾಳೆಯ ಒಂದು ಗುಂಪು ಇತ್ತು. ಅಮ್ಮಿ, ಖಾಲಾ, ಮಾಮೂ ಎಲ್ಲರೂ ಅದರ ನೆರಳಲ್ಲಿ ಆಡಿ ಬೆಳೆದವರು. ನಾನಿ ತೀರಿಕೊಂಡಾಗ ಖಾಲಾ ಸಮಯಕ್ಕೆ ಬರಲಾಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವರು ತಮ್ಮ ಮನೆಯ ಹಿಂದಿನ ಪುಟ್ಟ ತೋಟದಲ್ಲಿ ಬಾಳೆ ನೆಟ್ಟರು. ಅದು ಸಾಯುವುದನ್ನು ನೋಡುವುದು ಅವರಿಗೆ ಕಷ್ಟವಾಗಿತ್ತು.

ಆ ರಾತ್ರಿಯಿಂದ ನಾನು ಈ ವಿಷಯ ಓದತೊಡಗಿದೆ. ಚಳಿ ದೇಶದಲ್ಲಿ ಬಾಳೆಯನ್ನು ಹೇಗೆ ಬದುಕಿಸುತ್ತಾರೆ ಎಂಬುದನ್ನು ಓದಿ ಮತ್ತು ಖಾಲಾ ಜೊತೆ ಎರಡು ಚಳಿಗಾಲ ಕಳೆದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾವ ಬಾಳೆ?

ಖಾಲಾಗೆ ಮೊದಲು ಇದ್ದ ಆಸೆ ಕಮಲಾಪುರದ ಕಂದನ್ನೇ ಒಯ್ಯಬೇಕು ಎಂಬುದು. ಆದರೆ ಬೇರು ಮಣ್ಣು ಇರುವ ಗಿಡವನ್ನು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಬೇರೆ ದೇಶಕ್ಕೆ ಒಯ್ಯುವಂತಿಲ್ಲ. ಬಾಳೆಯ ಪನಾಮಾ ಸೊರಗು ರೋಗದಂಥವು ಕಂದು ಮತ್ತು ಮಣ್ಣಿನ ಮೂಲಕವೇ ಊರಿಂದ ಊರಿಗೆ ಹರಡುತ್ತವೆ. ಆದ್ದರಿಂದ ಆ ನಿಯಮ ಸರಿಯಾದದ್ದೇ. ಒಯ್ದಿದ್ದರೂ ನಮ್ಮ ಬಾಳೆ ಅಲ್ಲಿ ಬದುಕುತ್ತಿರಲಿಲ್ಲ. ಕೆಂಪು ಬಾಳೆಗೆ ಗೊನೆ ಬಿಟ್ಟು ಬಲಿಯಲು ನಮ್ಮ ಬಿಸಿಲಲ್ಲೇ ಒಂದೂವರೆ ವರ್ಷ ಬೇಕು. ಲೆಸ್ಟರಿನಲ್ಲಿ ಬೆಚ್ಚಗಿನ ದಿನಗಳು ಸಿಗುವುದು ವರ್ಷಕ್ಕೆ ನಾಲ್ಕೈದು ತಿಂಗಳು ಮಾತ್ರ.

ಹಾಗಾಗಿ ಖಾಲಾ ಅಲ್ಲಿಯ ನರ್ಸರಿಯಿಂದ ಎರಡು ಗಿಡ ತಂದರು. ಒಂದರ ಹೆಸರು ಮೂಸಾ ಬಾಸ್ಜೂ. ನಮ್ಮಲ್ಲಿ ಮೂಸಾ ಎಂದರೆ ಹುಡುಗರ ಹೆಸರು, ನಮ್ಮ ತರಗತಿಯಲ್ಲೂ ಒಬ್ಬ ಇದ್ದಾನೆ. ಆದರೆ ಇದು ಬೇರೆ. ಬಾಳೆ ಜಾತಿಯ ಈ ವೈಜ್ಞಾನಿಕ ಹೆಸರು ಅರಬ್ಬಿಯ ‘ಮೌಜ್’ ಎಂಬ ಪದದಿಂದ ಬಂದದ್ದೆಂದು ಹೆಚ್ಚಿನವರು ಹೇಳುತ್ತಾರೆ. ನಾನಿ ಬಾಳೆಯನ್ನು ಮೌಜ್ ಎಂದೇ ಕರೆಯುತ್ತಿದ್ದರು! ಬಾಸ್ಜೂ ಎಂಬುದು ಜಪಾನಿ ಭಾಷೆಯ ‘ಬಾಶೋ’. ಇದರ ಮೂಲ ದಕ್ಷಿಣ ಚೀನಾ. ಜಪಾನಿನ ಮೂಲಕ ಯುರೋಪಿಗೆ ಪರಿಚಯವಾದದ್ದರಿಂದ ಜಪಾನಿ ಬಾಳೆ ಎಂಬ ಹೆಸರು ಉಳಿಯಿತು. ಚಳಿ ತಡೆಯುವುದರಲ್ಲಿ ಬಾಳೆಗಳಲ್ಲೆಲ್ಲ ಇದಕ್ಕೆ ಹೆಸರಿದೆ. ಗಡ್ಡೆಯ ಮೇಲೆ ದಪ್ಪ ಮುಚ್ಚಿಗೆ ಇದ್ದರೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯನ್ನೂ ದಾಟಿ ಮತ್ತೆ ಚಿಗುರುತ್ತದೆ. ಆದರೆ ಇದರ ಹಣ್ಣು ಚಿಕ್ಕದು, ಒಳಗೆ ಬರೀ ಬೀಜ, ತಿನ್ನಲು ಬರುವುದಿಲ್ಲ.

ಇನ್ನೊಂದು ಗಿಡದ ಎಲೆಗಳು ಕೆಂಪು. ಅಂಗಡಿಯಲ್ಲಿ ‘ಕೆಂಪು ಬಾಳೆ’ ಎಂದು ಚೀಟಿ ನೋಡಿದ ಕೂಡಲೇ ಖಾಲಾಗೆ ಕಮಲಾಪುರ ನೆನಪಾಗಿ ಹೆಚ್ಚು ಹಣ ಕೊಟ್ಟು ತಂದರು. ಅದು ನಮ್ಮ ಕೆಂಪು ಬಾಳೆಯಲ್ಲ. ಎನ್ಸೆಟ್ ಎಂಬ ಬೇರೆಯೇ ಕುಲದ ಗಿಡ, ಆಫ್ರಿಕಾದ್ದು. ಇಥಿಯೋಪಿಯಾದ ಜನ ಎನ್ಸೆಟ್‌ನ ಗಡ್ಡೆ ಮತ್ತು ಕಾಂಡದ ಹಿಟ್ಟನ್ನು ಹುಳಿಬರಿಸಿ ರೊಟ್ಟಿ ಮಾಡುತ್ತಾರೆ. ಅದು ಬಾಳೆಯಂತೆ ತಾನಾಗಿ ಕಂದು ಬಿಡುವುದಿಲ್ಲ, ಚಳಿಯನ್ನೂ ತಡೆಯುವುದಿಲ್ಲ. ಚಳಿಗಾಲದಲ್ಲಿ ಅದನ್ನು ಕುಂಡ ಸಮೇತ ಮನೆಯೊಳಗೆ ಇಡಲೇಬೇಕು. ಖಾಲಾಗೆ ಇದು ಗೊತ್ತಿರಲಿಲ್ಲ. ಎರಡನ್ನೂ ನೆಲದಲ್ಲಿ ನೆಟ್ಟು ಹಾಗೆಯೇ ಬಿಟ್ಟಿದ್ದರು.

ಬಾಳೆಯ ಜೀವ ಎಲ್ಲಿದೆ?

ಇದು ಈ ಲೇಖನದ ಮುಖ್ಯ ಮಾತು. ಬಾಳೆ ಮರವಲ್ಲ. ನಾವು ಕಾಂಡ ಎನ್ನುವುದು ನಿಜವಾದ ಕಾಂಡವೂ ಅಲ್ಲ. ಎಲೆಗಳ ಬುಡಗಳು ಈರುಳ್ಳಿ ಪದರಗಳಂತೆ ಒಂದರ ಮೇಲೊಂದು ಸುತ್ತಿಕೊಂಡು ಕಂಬದಂತೆ ನಿಂತಿರುತ್ತವೆ ಅಷ್ಟೇ. ನಿಜವಾದ ಕಾಂಡ ಮಣ್ಣಿನೊಳಗಿನ ಗಡ್ಡೆ. ಹೊಸ ಎಲೆ ಹುಟ್ಟುವ ಮೊಳಕೆ ಇರುವುದು ಆ ಗಡ್ಡೆಯ ತಲೆಯ ಮೇಲೆ, ನೆಲಮಟ್ಟದ ಹತ್ತಿರ. ಅಲ್ಲಿ ಹುಟ್ಟಿದ ಎಲೆ ಸುರುಳಿಯಾಗಿ ಕಂಬದ ನಡುವೆ ತೂರಿಕೊಂಡು ಮೇಲಕ್ಕೆ ಬಂದು ಬಿಚ್ಚಿಕೊಳ್ಳುತ್ತದೆ. ನಾವು ಪಲ್ಯ ಮಾಡುವ ದಿಂಡು ಕೂಡ ಗಿಡ ಹೂ ಬಿಡಲು ಹೊರಟಾಗ ಗಡ್ಡೆಯಿಂದ ನಡುವೆ ಏರಿ ಬರುವ ಹೂಕಾಂಡ.

ಇದನ್ನು ನೀವೇ ಪರೀಕ್ಷಿಸಬಹುದು. ಇನ್ನೂ ಹೂ ಬಿಡದ ಬಾಳೆಯನ್ನು ಅಡ್ಡಲಾಗಿ ಕತ್ತರಿಸಿ. ಮರುದಿನ ನೋಡಿದರೆ ನಡುವಿನ ಸುರುಳಿ ಕತ್ತರಿಸಿದ ಮಟ್ಟದಿಂದ ಬೆರಳುದ್ದ ಮೇಲೆ ಬಂದಿರುತ್ತದೆ. ಚಿಕ್ಕವನಿದ್ದಾಗ ನಾನಿಯ ಹಿತ್ತಲಲ್ಲಿ ನಾನು ಇದನ್ನು ನೋಡಿ ಬೆರಗಾಗಿದ್ದೆ. ಆಗ ನಾನಿ ಹೇಳಿದ್ದರು: "ಮೌಜಿನ ಜೀವ ನೆಲದೊಳಗೆ ಇರುತ್ತದೆ ಬೇಟಾ. ಮೇಲೆ ಕಾಣುವುದು ಬರೀ ಬಟ್ಟೆ."

ಖಾಲಾ ಕಿತ್ತುಹಾಕುತ್ತೇನೆ ಎಂದಾಗ ನನಗೆ ನೆನಪಾದದ್ದು ಈ ಮಾತು. "ಖಾಲಾ, ಕೀಳಬೇಡಿ. ಬಟ್ಟೆ ಹರಿದಿದೆ ಅಷ್ಟೇ ಇರಬಹುದು. ಮೊದಲು ಬುಡ ಒತ್ತಿ ನೋಡಿ" ಎಂದೆ. ಅವರು ಬೆಳಿಗ್ಗೆ ಒತ್ತಿ ನೋಡಿದರು. ಕೆಂಪು ಎಲೆಯ ಗಿಡ ಬುಡದ ತನಕ ಮೆತ್ತಗಾಗಿ ವಾಸನೆ ಬರುತ್ತಿತ್ತು. ಬಾಸ್ಜೂ ಬುಡದಲ್ಲಿ ಗಟ್ಟಿಯಾಗಿತ್ತು.

ಚಳಿ ಏನು ಮಾಡುತ್ತದೆ?

ಲೆಸ್ಟರಿನಲ್ಲಿ ಅಕ್ಟೋಬರ್ ಕೊನೆ ಅಥವಾ ನವೆಂಬರ್ ಹೊತ್ತಿಗೆ ರಾತ್ರಿಯ ಇಬ್ಬನಿ ಹುಲ್ಲಿನ ಮೇಲೆ ಬಿಳಿಯಾಗಿ ಹೆಪ್ಪುಗಟ್ಟುತ್ತದೆ. ಅಲ್ಲಿ ಅದಕ್ಕೆ ಫ್ರಾಸ್ಟ್ ಎನ್ನುತ್ತಾರೆ. ಬಾಳೆ ಎಲೆಯ ತುಂಬ ನೀರೇ. ಆ ನೀರು ಹೆಪ್ಪುಗಟ್ಟಿದಾಗ ಎಲೆಯ ಜೀವಕೋಶಗಳು ಒಡೆಯುತ್ತವೆ. ಬಿಸಿಲು ಬಂದು ಕರಗಿದ ಮೇಲೆ ಎಲೆ ಬೇಯಿಸಿದ ಸೊಪ್ಪಿನಂತಾಗಿ ಕಪ್ಪಗಾಗುತ್ತದೆ. ಇದು ನೋಡಲು ಭಯಂಕರ, ಆದರೆ ಗಿಡದ ಸಾವಲ್ಲ.

ನಿಜವಾದ ಶತ್ರು ಚಳಿ ಮತ್ತು ತೇವ ಎರಡೂ ಸೇರಿದ್ದು. ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಹೋದಾಗ ಬಾಳೆಯ ಬೆಳವಣಿಗೆ ಬಹುತೇಕ ನಿಂತುಬಿಡುತ್ತದೆ. ಬೇರು ನೀರು ಕುಡಿಯುವುದಿಲ್ಲ. ಇಂಗ್ಲೆಂಡಿನಲ್ಲಿ ಚಳಿಗಾಲವೇ ಜಿಟಿಜಿಟಿ ಮಳೆಯ ಕಾಲ. ಡಿಸೆಂಬರಿನಲ್ಲಿ ಹಗಲು ಎಂಟು ಗಂಟೆಗಿಂತ ಕಡಿಮೆ, ಒದ್ದೆಯಾದದ್ದು ಒಣಗುವುದೇ ಇಲ್ಲ. ಕಂಬದ ತುದಿಯಿಂದ ಪದರಗಳ ನಡುವೆ ನೀರು ಇಳಿದು ಕೊಳೆ ಶುರುವಾಗುತ್ತದೆ, ಅದು ನಿಧಾನವಾಗಿ ಕೆಳಗೆ ಹೋಗುತ್ತದೆ. ಗಡ್ಡೆಯನ್ನು ಮುಟ್ಟಿದರೆ ಆಗ ಗಿಡ ಸತ್ತಂತೆ.

ಆದ್ದರಿಂದ ಮಾಡಬೇಕಾದ ಕೆಲಸ ಎರಡೇ: ಗಡ್ಡೆಯನ್ನು ಬೆಚ್ಚಗಿಡುವುದು, ತುದಿಯಿಂದ ನೀರು ಇಳಿಯದಂತೆ ತಡೆಯುವುದು. ಖಾಲಾ ಆ ದಿನವೇ ಕೊಳೆತ ಭಾಗವನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಬಂದರು. ಬಿಳಿಯಾದ ಗಟ್ಟಿ ಭಾಗ ಸಿಕ್ಕಿದಾಗ ನಿಲ್ಲಿಸಿದರು. ಉಳಿದದ್ದು ಒಂದು ಗೇಣು ಮಾತ್ರ. ಅದರ ಮೇಲೆ ಒಂದು ಅಡಿ ಎತ್ತರ ಒಣ ಎಲೆ ರಾಶಿ ಹಾಕಿ, ಹಳೆಯ ಪ್ಲಾಸ್ಟಿಕ್ ಬುಟ್ಟಿ ಬೋರಲು ಹಾಕಿ ಕಲ್ಲು ಇಟ್ಟರು.

ಆಮೇಲೆ ಕಾಯುವುದು. ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯಿತು. ಏಪ್ರಿಲ್ ಕೊನೆಗೂ ಏನೂ ಇಲ್ಲ. ನಾನು ಸುಮ್ಮನೆ ಆಸೆ ಹುಟ್ಟಿಸಿದೆನೇನೋ ಎಂದು ನನಗೇ ನಾಚಿಕೆಯಾಗತೊಡಗಿತು. ಫೋನ್ ಬಂದರೆ ಗಿಡದ ವಿಷಯ ಎತ್ತುತ್ತಿರಲಿಲ್ಲ. ಮೇ ತಿಂಗಳ ಕೊನೆಯ ವಾರ ಖಾಲಾ ಒಂದು ಫೋಟೋ ಕಳಿಸಿದರು. ಒಂದಕ್ಷರ ಬರೆದಿರಲಿಲ್ಲ. ಕಪ್ಪು ಮಣ್ಣಿನ ನಡುವೆ ಸುತ್ತಿದ ಕಾಗದದಂತೆ ಒಂದು ಹಸಿರು ಸುರುಳಿ. ಅದರ ಪಕ್ಕದಲ್ಲಿ ಎರಡು ಕಂದು.

ನೆಡುವ ಕ್ರಮ

ಚಳಿ ದೇಶದಲ್ಲಿ ನಿಮ್ಮ ಸಂಬಂಧಿಕರು ಯಾರಾದರೂ ಇದ್ದರೆ ಅವರಿಗೆ ಈ ಮಾಹಿತಿ ಉಪಯೋಗವಾಗಬಹುದು.

ನೆಡಲು ಸರಿಯಾದ ಸಮಯ ಮೇ ಕೊನೆ ಅಥವಾ ಜೂನ್, ಅಂದರೆ ಹೆಪ್ಪುಗಟ್ಟುವ ರಾತ್ರಿಗಳು ಪೂರ್ತಿ ಮುಗಿದ ಮೇಲೆ. ಹೀಗೆ ನೆಟ್ಟರೆ ಚಳಿ ಬರುವ ಮೊದಲು ಗಡ್ಡೆ ಬಲಿಯಲು ಇಡೀ ಬೇಸಿಗೆ ಸಿಗುತ್ತದೆ. ಜಾಗ ದಕ್ಷಿಣ ದಿಕ್ಕಿಗೆ ಮುಖ ಮಾಡಿದ ಗೋಡೆಯ ಹತ್ತಿರ ಇರಬೇಕು. ಅಲ್ಲಿ ಸೂರ್ಯ ದಕ್ಷಿಣದಲ್ಲೇ ತಗ್ಗಾಗಿ ಹೋಗುವುದರಿಂದ ಬಿಸಿಲು ಆ ಗೋಡೆಗೆ ಬೀಳುತ್ತದೆ. ಹಗಲು ಕಾದ ಇಟ್ಟಿಗೆ ರಾತ್ರಿ ಶಾಖ ಬಿಡುತ್ತದೆ. ಗೋಡೆ ಗಾಳಿಯನ್ನೂ ತಡೆಯುತ್ತದೆ. ಗಾಳಿಗೆ ಎಲೆ ಸೀಳಿದರೆ ಗಿಡಕ್ಕೆ ದೊಡ್ಡ ಹಾನಿಯಿಲ್ಲ, ನೋಡಲು ಮಾತ್ರ ಚೆನ್ನಾಗಿರುವುದಿಲ್ಲ.

ಮಣ್ಣಿಗೆ ಚೆನ್ನಾಗಿ ಕಳಿತ ಗೊಬ್ಬರ ಸೇರಿಸಬೇಕು. ನೀರು ನಿಲ್ಲುವ ಜಾಗ ಬೇಡ. ಬೇಸಿಗೆಯಲ್ಲಿ ಬಾಳೆ ಹೊಟ್ಟೆಬಾಕ, ನೀರು ಗೊಬ್ಬರ ಎರಡೂ ಧಾರಾಳವಾಗಿ ಬೇಕು. ಬೆಚ್ಚಗಿನ ದಿನಗಳಲ್ಲಿ ವಾರಕ್ಕೊಂದು ಎಲೆ ಬರುತ್ತದೆ. ಆಗಸ್ಟ್ ಮುಗಿದ ಮೇಲೆ ಗೊಬ್ಬರ ನಿಲ್ಲಿಸಬೇಕು. ಆಮೇಲೆ ಬರುವ ಎಳೆಯ ಬೆಳವಣಿಗೆ ಚಳಿಗೆ ಮೊದಲು ಬಲಿಯಾಗುತ್ತದೆ.

ಚಳಿಗಾಲಕ್ಕೆ ಮೂರು ದಾರಿ

ಮೊದಲನೆಯದು, ಕಂಬವನ್ನು ನಿಲ್ಲಿಸಿಯೇ ಹೊದಿಸುವುದು. ಮೊದಲ ಹೆಪ್ಪಿಗೆ ಎಲೆಗಳು ಕಪ್ಪಾದ ಕೂಡಲೇ ಅವನ್ನು ಕತ್ತರಿಸಿ ತೆಗೆಯಬೇಕು. ಗಿಡದ ಸುತ್ತ ನಾಲ್ಕು ಗೂಟ ನೆಟ್ಟು, ಕೋಳಿಗೂಡಿಗೆ ಬಳಸುವ ತಂತಿ ಜಾಲರಿಯನ್ನು ಸುತ್ತಿ ಪೀಪಾಯಿಯಂತೆ ಮಾಡಬೇಕು. ಒಳಗೆ ಗೋಧಿ ಹುಲ್ಲು ಅಥವಾ ಒಣ ಎಲೆ ತುಂಬಬೇಕು. ಬೆಚ್ಚಗಿಡುವುದು ಹುಲ್ಲಲ್ಲ, ಹುಲ್ಲಿನ ನಡುವೆ ಸಿಕ್ಕಿಕೊಂಡ ಗಾಳಿ. ನಮ್ಮ ರಜಾಯಿ ಕೆಲಸ ಮಾಡುವುದೂ ಹೀಗೆಯೇ. ಆದ್ದರಿಂದ ಹುಲ್ಲು ಒಣಗಿರಬೇಕು, ತುಳಿದು ತುಂಬಬಾರದು. ಮೇಲೆ ಮಾತ್ರ ಮಳೆ ನೀರು ಬೀಳದಂತೆ ತಗಡು ಅಥವಾ ಪ್ಲಾಸ್ಟಿಕ್ ಮುಚ್ಚಳ. ಗಿಡಕ್ಕೆ ನೇರವಾಗಿ ಪ್ಲಾಸ್ಟಿಕ್ ಸುತ್ತಿದರೆ ಒಳಗೆ ಬೆವರಿ ಕೊಳೆಯುತ್ತದೆ. ಹೊಸದಾಗಿ ಬೆಳೆಸುವವರು ಮಾಡುವ ದೊಡ್ಡ ತಪ್ಪು ಇದೇ.

ಎರಡನೆಯದು, ನೆಲದ ಹತ್ತಿರ ಕತ್ತರಿಸಿ ಗಡ್ಡೆಯ ಮೇಲೆ ದಪ್ಪ ಮುಚ್ಚಿಗೆ ಹಾಕುವುದು. ಕೆಲಸ ಕಡಿಮೆ. ಆದರೆ ಪ್ರತಿ ವರ್ಷ ಗಿಡ ನೆಲದಿಂದಲೇ ಶುರುಮಾಡಬೇಕು. ಕಂಬ ಉಳಿದರೆ ಮಾತ್ರ ಗಿಡ ವರ್ಷದಿಂದ ವರ್ಷಕ್ಕೆ ಎತ್ತರವಾಗಿ ಒಂದು ದಿನ ಹೂ ಬಿಡಬಹುದು.

ಮೂರನೆಯದು, ಕುಂಡದ ಗಿಡಗಳಿಗೆ. ಕುಂಡದ ಮಣ್ಣು ಎಲ್ಲ ಕಡೆಯಿಂದಲೂ ತಣ್ಣಗಾಗುವುದರಿಂದ ಹೊರಗೆ ಬಿಡುವುದು ಅಪಾಯ. ಎಲೆ ಕತ್ತರಿಸಿ, ಹೆಪ್ಪುಗಟ್ಟದ ಗ್ಯಾರೇಜ್ ಅಥವಾ ಶೆಡ್ಡಿನಲ್ಲಿ ಇಡಬೇಕು. ಮಣ್ಣು ಪೂರ್ತಿ ಒಣಗದಷ್ಟು ಮಾತ್ರ ನೀರು ಸಾಕು.

ಏಪ್ರಿಲ್ ಬಂತೆಂದು ಒಮ್ಮೆಲೇ ಹೊದಿಕೆ ತೆಗೆಯಬಾರದು. ಮೇ ಮಧ್ಯದವರೆಗೂ ಅಲ್ಲಿ ಒಂದೊಂದು ರಾತ್ರಿ ಹೆಪ್ಪುಗಟ್ಟುವುದುಂಟು. ಮೊದಲು ಮುಚ್ಚಳ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹುಲ್ಲು ತೆಗೆಯುತ್ತಾ, ಚಳಿಯ ಸೂಚನೆ ಇದ್ದ ರಾತ್ರಿ ತೆಳ್ಳನೆಯ ಬಟ್ಟೆ ಹೊದಿಸಬೇಕು. ಹುಲ್ಲಿನಲ್ಲಿ ಇಲಿ ಮನೆ ಮಾಡಿರಬಹುದು, ಖಾಲಾ ಒಮ್ಮೆ ಕಿರುಚಿಕೊಂಡು ಮನೆಯೊಳಗೆ ಓಡಿದ್ದರು!

ಕಳೆದ ಚಳಿಗಾಲದಲ್ಲಿ ಖಾಲಾ ಮೊದಲನೆಯ ದಾರಿಯನ್ನು ಹಿಡಿದರು. ಒಂದು ಭಾನುವಾರ ಖಾಲೂ ಗೂಟ ಹೊಡೆದರು, ಮಕ್ಕಳು ಎಲೆ ಆರಿಸಿ ತಂದರು, ನಾನು ಇಲ್ಲಿಂದ ಫೋನಿನಲ್ಲಿ ಮೇಸ್ತ್ರಿ ಕೆಲಸ ಮಾಡಿದೆ. ಈ ಬೇಸಿಗೆಯಲ್ಲಿ ಗಿಡ ಖಾಲೂ ಅವರಿಗಿಂತ ಎತ್ತರವಾಯಿತು.

ಲೆಕ್ಕ ಹಾಕಿದರೆ

ನಾನು ಕಾಮರ್ಸ್ ವಿದ್ಯಾರ್ಥಿ. ಒಂದು ದಿನ ಖಾಲಾಗೆ ತಮಾಷೆಗೆ ಲೆಕ್ಕ ತೋರಿಸಿದೆ. ಖರ್ಚಿನ ಕಡೆ ಜಾಲರಿ, ಗೂಟ, ಹುಲ್ಲು, ಗೊಬ್ಬರ, ಮತ್ತು ಅಂಗಡಿಯಲ್ಲಿ ಮೋಸಹೋದ ಕೆಂಪು ಗಿಡ. ಆದಾಯದ ಕಡೆ ಹಣ್ಣು ಸೊನ್ನೆ. ಎಲೆಗಳೆಲ್ಲ ಪ್ರತಿ ವರ್ಷ ನೂರಕ್ಕೆ ನೂರು ಸವಕಳಿ. ಉಳಿಯುವುದು ಗಡ್ಡೆ ಎಂಬ ಮೀಸಲು ನಿಧಿ ಮಾತ್ರ, ಅದೂ ಮಣ್ಣಿನೊಳಗೆ, ಕಣ್ಣಿಗೆ ಕಾಣದ್ದು. "ಖಾಲಾ, ಇದು ನಷ್ಟದ ವ್ಯಾಪಾರ" ಎಂದೆ.

ಖಾಲಾ ನಕ್ಕರು. "ನಿನ್ನ ಲೆಕ್ಕದಲ್ಲಿ ಪಕ್ಕದ ಮನೆಯವರು ಇಲ್ಲವಲ್ಲ" ಎಂದರು. ಲೆಸ್ಟರಿನಲ್ಲಿ ಗುಜರಾತಿಗಳು ಬಹಳ. ಪಕ್ಕದ ಮನೆಯ ಗುಜರಾತಿ ಅಜ್ಜಿ ಎಂಟು ವರ್ಷದಿಂದ ಬರೀ ತಲೆಯಾಡಿಸಿ ಹೋಗುತ್ತಿದ್ದವರು, ಬಾಳೆ ಎಲೆ ಕಂಡು ಮೊದಲ ಸಲ ಬೇಲಿಯ ಹತ್ತಿರ ಬಂದು ಮಾತಾಡಿದರಂತೆ. ಅವರಲ್ಲಿ ಪಾನ್ಕಿ ಎಂಬ ತಿಂಡಿ ಇದೆ. ಹಿಟ್ಟನ್ನು ಎರಡು ಬಾಳೆ ಎಲೆಗಳ ನಡುವೆ ಹಚ್ಚಿ ಕಾವಲಿಯ ಮೇಲೆ ಬೇಯಿಸುವುದು. ಈಗ ಎಲೆ ಆ ಮನೆಗೆ ಹೋಗುತ್ತದೆ, ಪಾನ್ಕಿ ಈ ಮನೆಗೆ ಬರುತ್ತದೆ. ಒಂದು ಕಂದು ಕೂಡ ಬೇಲಿ ದಾಟಿದೆ.

ಹಣ್ಣಿಲ್ಲದ ಬಾಳೆಯನ್ನು ಪ್ರೀತಿಸಿದವರು ಖಾಲಾ ಒಬ್ಬರೇ ಅಲ್ಲ. 17ನೇ ಶತಮಾನದಲ್ಲಿ ಜಪಾನಿನ ಒಬ್ಬ ಕವಿಯ ಗುಡಿಸಲಿನ ಅಂಗಳದಲ್ಲಿ ಶಿಷ್ಯರು ಬಾಶೋ ಗಿಡ ನೆಟ್ಟುಕೊಟ್ಟರು. ಅವರಿಗೆ ಅದು ಎಷ್ಟು ಹಿಡಿಸಿತೆಂದರೆ ಗಿಡದ ಹೆಸರನ್ನೇ ತಮ್ಮ ಕಾವ್ಯನಾಮ ಮಾಡಿಕೊಂಡರು. ಇಂದು ಜಗತ್ತು ಅವರನ್ನು ಮತ್ಸುವೋ ಬಾಶೋ ಎಂದೇ ಗುರುತಿಸುತ್ತದೆ.

ಕೊನೆಯದಾಗಿ ನಮ್ಮ ಮನೆಯ ಸುದ್ದಿ. ಕಮಲಾಪುರದ ಹಿತ್ತಲಲ್ಲಿ ಮಾಮೂ ಎರಡು ಕೋಣೆ ಕಟ್ಟಿಸುತ್ತಿದ್ದಾರೆ. ಬಾವಿಯ ಪಕ್ಕದ ಬಾಳೆ ಗುಂಪು ಹೋಗಲೇಬೇಕು. ಅದನ್ನು ಕೇಳಿದಾಗ ಮೊದಲಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಈ ಸಲ ಅಬ್ಬಾ ಜೊತೆ ಹೋಗಿ ಒಂದು ಕಂದು ಅಗೆದು ತಂದೆ. ಅಗಲ ಎಲೆಯ ಕಂದು ನೋಡಲು ಚೆಂದ, ಆದರೆ ಅದರ ಗಡ್ಡೆ ದುರ್ಬಲ. ಕತ್ತಿಯಂತೆ ಕಿರಿದಾದ ಎಲೆಯ ಕಂದಿಗೆ ಗಡ್ಡೆ ದಪ್ಪ. ನಾನು ಕತ್ತಿ ಎಲೆಯದನ್ನೇ ಆರಿಸಿದೆ. ಈಗ ಅದು ನಮ್ಮ ಮನೆಯ ಹಿಂದೆ ಬಚ್ಚಲ ನೀರು ಹರಿಯುವ ಜಾಗದಲ್ಲಿದೆ. ತಂದ ಎಲೆಗಳು ಬಿಸಿಲಿಗೆ ಒಣಗಿಹೋದವು. ಅಮ್ಮಿ ದಿನಾ ಬೆಳಿಗ್ಗೆ ಹೋಗಿ ನೋಡಿ "ಬದುಕಿದೆಯಾ?" ಎಂದು ಕೇಳುತ್ತಾರೆ. ನಾನು ಬುಡ ಒತ್ತಿ ನೋಡುತ್ತೇನೆ. ಗಟ್ಟಿಯಾಗಿದೆ.

ಲೆಸ್ಟರಿನಲ್ಲಿ ಈಗ ಮತ್ತೆ ಚಳಿ ಶುರುವಾಗುತ್ತಿದೆ. ಖಾಲಾ ಹುಲ್ಲು ತಂದಿಟ್ಟಿದ್ದಾರಂತೆ.